ಕಂಡರಿಸಿದಂ

ನವನಗರ, ಸೆಕ್ಟರ್ ಐವತ್ತಾರು. ರಾತ್ರಿ ಹನ್ನೊಂದು.
ಬಡ್ತಿ ಅರ್ಜಿಯ ಏಳನೆಯ ಪುಟದಲ್ಲಿ ಕೂತಿದ್ದೇನೆ.
ಇಬ್ಬರೇ ಬರೆದಿದ್ದರೆ ನೂರಕ್ಕೆ ತಲಾ ಎಪ್ಪತ್ತು;
ಹೆಚ್ಚು ಜನರಿದ್ದರೆ ಮೊದಲಿನವರಿಗೆ ಎಪ್ಪತ್ತು,
ಉಳಿದವರಿಗೆ ಮೂವತ್ತು, ಮೂವತ್ತು.
ಈ ಲೆಕ್ಕ ಯಾವ ಸಾಲಿಯಲ್ಲಿ ಕಲಿತರೋ,
ನಮ್ಮವ್ವ ಹೋಳಿಗೆಯನ್ನೂ ಹೀಗೆ ಹಂಚಿದವಳಲ್ಲ.

ನಮ್ಮ ಲೇಖನಕ್ಕೆ ನಾಲ್ವರು.
ಮೊದಲು ಸರ್. ಊರಿಗೆ ಬರಲಿಲ್ಲ, ಕಾರು ಕಳಿಸಿದ್ದರು.
ಎರಡನೆಯವರು ಪ್ರಾಚಾರ್ಯರು, ರಜೆ ಮಂಜೂರು ಮಾಡಿದವರು.
ಮೂರನೆಯವಳು ನಾನು; ಓದಿದೆ, ಬರೆದೆ.
ನಾಲ್ಕನೆಯವರನ್ನು ಇವತ್ತಿಗೂ ನೋಡಿಲ್ಲ.
ಧಾರವಾಡದಲ್ಲಿದ್ದಾರಂತೆ, ಒಳ್ಳೆಯವರಂತೆ.

ಐದನೆಯವರು ಲಾಡಸಾಬ ನದಾಫ. ಲೇಖನದಲ್ಲಿಲ್ಲ.

ಅಮೀನಗಡ ದಾಟಿ ಒಳಗೆ, ಬಸ್ಸು ತಿರುಗುವ ಊರು.
ಗುಡಿಯ ಬೆನ್ನಿಗೆ ಕಲ್ಲು, ಕಲ್ಲಿನ ಮೇಲೆ ಯಾರದೋ ಕೌದಿ ಒಣಗುತ್ತಿತ್ತು.
ಕಾಕಾ ಕೌದಿ ಮಡಚಿಟ್ಟರು. ಕಲ್ಲು ತೊಳೆದರು.
ತೊಯ್ದ ಕಾಗದ ಹಾಸಿ ಬ್ರಷ್ಷಿನಿಂದ ಬಡಿದರು,
ಆಚೆ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ, ಈಚೆ ಇದು.
ಮಸಿಯ ಗುಂಡು ಅವರೇ ಕಟ್ಟಿದ್ದು.
ಅಪ್ಪ ಗಾದಿಗೆ ಹತ್ತಿ ಹಿಂಜುತ್ತಿದ್ದರು.
ಬಿಲ್ಲು ಮುಳುಗಡೆಯಲ್ಲಿ ಹೋಯಿತು, ಗಿರಾಕಿಗಳು ಫೋಮಿಗೆ ಹೋದರು,
ಹತ್ತಿ ಬಲ್ಲ ಕೈ ಮಾತ್ರ ಹಿಂದುಳಿಯಿತು.

“ನೋಡ್ರಿ ಬಾಯಾರ, ಅಕ್ಷರಕ್ಕ ಮಸಿ ಹಚ್ಚೂದಿಲ್ಲ.
ಸುತ್ತಲೂ ಹಚ್ಚತೀವಿ.
ಮಸಿ ಮುಟ್ಟಲಾರದ್ದನ್ನ ನೀವು ಓದತೀರಿ.”

ಮೇಲೆ ದೊರೆ, ಅವನ ಬಿರುದು ಎಂಟು ಸಾಲು.
ಆಮೇಲೆ ದಂಡನಾಯಕ, ಮತ್ತರಿನ ಲೆಕ್ಕದಲ್ಲಿ ಭೂಮಿ,
ಗಾಣದ ಎಣ್ಣೆ, ಕೆಡಿಸಿದವರಿಗೆ ಕವಿಲೆ ಕೊಂದ ಪಾಪ.
ಎಲ್ಲ ಮುಗಿದ ಮೇಲೆ, ಮಣ್ಣಲ್ಲಿ ಅರ್ಧ ಹೂತ ಸಾಲಿನಲ್ಲಿ
ಬರೆದವನೊಬ್ಬ, ಕಂಡರಿಸಿದವನೊಬ್ಬ.
ಹಳೆಯ ವರದಿ ಅವನನ್ನು ದೇಮೋಜ ಅಂದಿತ್ತು. ನಾನೂ ಅಂದೆ.

ಕಾಕಾ ಕಾಗದ ಬಿಟ್ಟು ಕಲ್ಲಿಗೇ ಬೆರಳಿಟ್ಟರು.
“ಈ ಅಕ್ಷರಕ್ಕ ಬಾಲ ಇಲ್ರಿ.
ಇದು ಕಲ್ಲು ತಾನ ಸೀಳಿದ್ದು, ಉಳಿ ಹೊಡದದ್ದಲ್ಲ.”
ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟ ಬೆರಳು.
ಮ ಹೋಗಿ ವ ಆಯಿತು, ದೇಮೋಜ ದೇವೋಜ ಆದ,
ಆ ದೇವೋಜ ಇನ್ನೆರಡು ಊರಿನ ಕಲ್ಲಿನಲ್ಲೂ ಸಿಕ್ಕ.
ಒಬ್ಬನೇ ಮನುಷ್ಯ, ಮೂರು ಕಲ್ಲು: ಇಷ್ಟೇ ನಮ್ಮ ಶೋಧ.
ಕೊನೆಯ ವಾಕ್ಯ ನನ್ನದು:
‘ಒಂಬೈನೂರು ವರ್ಷ ಮರೆವಿನಲ್ಲಿದ್ದ ಕೈಗೆ ಅದರ ಹೆಸರು ಮರಳಿದೆ.’
ಸರ್ ಅದಕ್ಕೆ ಎರಡು ಗೆರೆ ಎಳೆದು ಚಲೋ ಅಂದರು.

ಲಾಡಸಾಬರನ್ನೂ ಸೇರಿಸೋಣವೆಂದೆ.
ಪತ್ರಿಕೆ ಕೇಳಿತು: ಸಂಸ್ಥೆ? ಹುದ್ದೆ? ಇಮೇಲ್?
ಹದಿನಾರು ಅಂಕಿಯ ಲೇಖಕ ಸಂಖ್ಯೆ?
ಕಾಕಾನ ಹತ್ತಿರ ಹನ್ನೆರಡು ಅಂಕಿಯ ಆಧಾರ್ ಇತ್ತು.
ಕೃತಜ್ಞತೆಯಲ್ಲಿ ಹಾಕಿ ಅಂದರು, ಹಾಕಿದೆ.
ಪುಟ ಹೆಚ್ಚಾಯಿತೆಂದು ಕೃತಜ್ಞತೆಯನ್ನೇ ತೆಗೆದರು.
ಸುಮ್ಮನಿದ್ದೆ. ನನಗೂ ಅಂಕ ಬೇಕಿತ್ತು.

ಹನ್ನೊಂದು ಕಡೆ ನಮ್ಮ ಲೇಖನದ ಉಲ್ಲೇಖವಿದೆ;
ನಾಲ್ಕು ಸಲ ಸರ್ ತಮ್ಮನ್ನು ತಾವೇ.

ಈಗ ಮೂಲ ಪಡಿಯಚ್ಚನ್ನು ನೆಲಕ್ಕೆ ಹಾಸಿದ್ದೇನೆ.
ಬಲಗಡೆ ಮೂಲೆಯಲ್ಲಿ ಪೆನ್ಸಿಲ್ಲಿನ ‘ಲಾ. ನ.’, ಪಕ್ಕಕ್ಕೊಂದು ಬಾಣ.
ಸಹಿಯಾ ಕಾಕಾ ಎಂದು ಅವತ್ತೇ ಕೇಳಿದ್ದೆ.
“ಸಹಿ ಎಲ್ಲೀದ್ರಿ. ಮ್ಯಾಲಿಂದ್ಯಾವ್ದು, ಕೆಳಗಿಂದ್ಯಾವ್ದು ತಿಳೀಲಿ ಅಂತ.
ನಿಮ್ಮ ಸರ್ ಒಮ್ಮೆ ತಿರುವಿ ಹಿಡದು ಓದಾಕ ಹತ್ತಿದ್ರು.”
ಅಚ್ಚಾದ ಚಿತ್ರದಲ್ಲಿ ಆ ಮೂಲೆ ಇಲ್ಲ.
ಅಂಚು ಕತ್ತರಿಸಿದ್ದಾರೆ.

ಅವರ ಹೆಸರು ಪೂರ್ತಿ ಇರುವುದು ಒಂದೇ ಕಡೆ:
ಎರಡು ದಿನದ ಕೂಲಿಯ ವೋಚರು.
ಅದೂ ಆಡಿಟ್‌ನಿಂದ ವಾಪಸ್ ಬಂದಿದೆ,
ಸಹಿ ಸ್ಟಾಂಪು ದಾಟಿ ಹೊರಗೆ ಹೋಗಿದೆಯೆಂದು.

ಅರ್ಜಿ ಕೇಳುತ್ತದೆ: ಈ ಕೃತಿಯಲ್ಲಿ ನಿಮ್ಮ ಪಾಲು?
ಮೂವತ್ತು ಎಂದು ಹೊಡೆದೆ.
ಬೆಳಿಗ್ಗೆ ವೋಚರು ಹಿಡಿದು ಕಾಕಾನ ಮನೆಗೆ ಹೋಗಬೇಕು,
ಇನ್ನೊಂದು ಸಹಿಗೆ, ಈ ಸಲ
ಚೌಕದೊಳಗೆ.