ಒಬ್ಬರಿಗೆ ಒಂದೇ ರೀಲು

ನಾಳೆಯಿಂದ ಬೆಲೆ ಏರುತ್ತದೆ.
ಅದಕ್ಕೇ ಬೆಳಿಗ್ಗೆ ಒಂಬತ್ತಕ್ಕೆಲ್ಲ
ಹಾಚಿನೊಹೆಯ ಹಳೇ ಕ್ಯಾಮೆರಾ ಅಂಗಡಿಯ ಮುಂದೆ
ಹನ್ನೊಂದು ಜನ, ಕಾಲಡಿ ಮಾರ್ಚಿನ ಕೊಳೆ ಹಿಮ,
ಗಾಜಿನ ಮೇಲೊಂದು ಕೈಬರಹದ ಚೀಟಿ:
ಒಬ್ಬರಿಗೆ ಒಂದೇ ರೀಲು. ದಯವಿಟ್ಟು ಮನ್ನಿಸಿ.

ನನ್ನ ಗಂಡ ಮೊತೊಹಿರೊ ರಾತ್ರಿಯೇ ಉಪಾಯ ಹೂಡಿದ್ದ.
ಒಬ್ಬರಿಗೆ ಒಂದಾದರೆ ಮೂವರಿಗೆ ಮೂರು:
ತಾನು, ನಾನು, ನನ್ನಮ್ಮ ತೊಮೆಯೊ,
ಎಂಬತ್ತನಾಲ್ಕು ವರ್ಷ, ತಳ್ಳುಗಾಡಿ ಸಮೇತ.
ಅಮ್ಮನಿಗೆ ಸಾಲು ಹೊಸದಲ್ಲ.
ಅಕ್ಕಿಗೆ ನಿಂತಿದ್ದಾಳೆ, ಸೀಮೆಎಣ್ಣೆಗೆ ನಿಂತಿದ್ದಾಳೆ,
ಊರಿಗೂರೇ ಹೆದರಿದ ಒಂದು ಚಳಿಗಾಲ
ಟಾಯ್ಲೆಟ್ ಪೇಪರಿಗೂ ನಿಂತಿದ್ದಾಳೆ.
"ಇದೇನು, ತಿನ್ನುವುದಾ, ಉಜ್ಜುವುದಾ?"
ಮುಂದಿದ್ದ ಹುಡುಗ ಕಿಸಕ್ಕನೆ ನಕ್ಕ.

ನಮ್ಮ ಮನೆಯ ಫ್ರೀಜರು ಎರಡು ಪಾಲು.
ಮೇಲಿನ ಖಾನೆ ಅಮ್ಮನದು:
ಸೀಳಿ ಉಪ್ಪು ಸವರಿದ ಬಂಗುಡೆ, ಸ್ಕ್ವಿಡ್ಡಿನ ಕಾಲು.
ಕೆಳಗಿನದು ಅವನದು:
ಇನ್ನೂರ ಏಳು ರೀಲು, ಹತ್ತು ಹತ್ತಕ್ಕೊಂದು ಜಿಪ್ ಚೀಲ,
ಬಿಸ್ಕತ್ತಿನ ಡಬ್ಬಿಗಳಿಂದ ಎತ್ತಿಟ್ಟ ಸಿಲಿಕಾ ಪೊಟ್ಟಣ.
ತಯಾರಿಕೆ ನಿಂತ ಸ್ಲೈಡು,
ಕಂಪನಿಯೇ ಮುಳುಗಿದ ಕಪ್ಪು-ಬಿಳುಪು,
ಬಾಗಿಲು ಹಾಕಿದ ಯಾವುದೋ ಮದುವೆ ಸ್ಟುಡಿಯೋದಿಂದ
ಸಗಟಾಗಿ ಹೊತ್ತು ತಂದ ನಲವತ್ತು.
ಎಲ್ಲಕ್ಕೂ ನೋಟ್‌ಬುಕ್ಕಿನಲ್ಲಿ ಜಾತಕ ಇದೆ:
ಹುಟ್ಟಿದ ಬ್ಯಾಚು, ಸಾಯುವ ತಿಂಗಳು, ಕೊಟ್ಟ ದುಡ್ಡು.
ದುಡ್ಡು ಮಾತ್ರ ಪೆನ್ಸಿಲಿನಲ್ಲಿ.
ನಾನು ನೋಡುವ ಹೊತ್ತಿಗೆ ಅಳಿಸಲು ಬರಬೇಕಲ್ಲ.

"ಯಾವಾಗ ಹಾಕುತ್ತೀ ಇವನ್ನೆಲ್ಲ?"
"ಒಳ್ಳೆಯ ಬೆಳಕು ಬರಲಿ."
ಹೋದ ವರ್ಷ ಒಳ್ಳೆಯ ಬೆಳಕು
ಒಟ್ಟು ಮೂರು ಸಲ ಬಂದಿತ್ತಂತೆ.

ಅಂಗಡಿಯಿಂದ ಮನೆಗೆ ಬಂದು ಅವನು ಕೈ ಚಾಚಿದ.
ನನ್ನದು ಕೊಟ್ಟೆ.
ಅಮ್ಮ ಕೊಡಲಿಲ್ಲ.
ತನ್ನ ಪರ್ಸಿನಿಂದ ಚಿಲ್ಲರೆ ಎಣಿಸಿ ಕೊಂಡಿದ್ದಳು,
ರಸೀದಿಯನ್ನೂ ಮಡಿಸಿ ಇಟ್ಟುಕೊಂಡಿದ್ದಳು.
"ಒಬ್ಬರಿಗೆ ಒಂದು ಅಂತ ಬರೆದಿತ್ತು.
ನಾನೂ ಒಬ್ಬಳು."

ನನ್ನ ಶಾಲೆಯ ದಿನಗಳ ಪ್ಲಾಸ್ಟಿಕ್ ಕ್ಯಾಮೆರಾ ಹುಡುಕಿಸಿದಳು,
ಅಳಿಯನಿಂದಲೇ ರೀಲು ಹಾಕಿಸಿಕೊಂಡಳು.
ಹಾಕುವಾಗ ಅವನ ಬೆರಳು
ಮಗಳನ್ನು ಕಳಿಸಿಕೊಡುವವನ ಹಾಗೆ ನಡುಗಿತು.

ಚಹಾದ ಹೊತ್ತಿಗೆ ರೀಲು ಖಾಲಿ.
ಒಣಹಾಕಿದ ಕಾಲುಚೀಲ, ತಿರುಗುವ ಗಾಡಿಯ ಚಕ್ರ,
ಮೀನಿನಂಗಡಿಯ ಹೆಂಗಸಿನ ಚಿನ್ನದ ಹಲ್ಲು,
ಬಂದರಿನ ಕಡಲಹಕ್ಕಿಗೆ ಒಂದೇ ಉಸಿರಿಗೆ ಹನ್ನೆರಡು.
ಹಿಂದೆ ಹಿಂದೆ ನಡೆದ ಮೊತೊಹಿರೊ
ಪ್ರತಿ ಕ್ಲಿಕ್ಕಿಗೂ ಗೊಣಗುತ್ತಿದ್ದ:
ಎಪ್ಪತ್ತು ಯೆನ್. ಎಪ್ಪತ್ತು ಯೆನ್.
"ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿ, ಅತ್ತೆ."
"ಮುಖಕ್ಕೆ ಬೇಕು ನನಗೆ ಬಿಸಿಲು.
ಬೆನ್ನಿಗೆ ಉಣ್ಣೆ ಇದೆ."

ವಾರ ಬಿಟ್ಟು ತೊಳೆದು ಬಂದವು.
ಎಂಟರಲ್ಲಿ ಅವಳ ಹೆಬ್ಬೆರಳು,
ಐದರಲ್ಲಿ ಏನೆಂದು ಅವಳಿಗೂ ಗೊತ್ತಿಲ್ಲ,
ಹಕ್ಕಿಗಳಲ್ಲಿ ಹೆಚ್ಚಿನವು ಫೋಟೋದಿಂದ ಹಾರಿಹೋಗಿದ್ದವು.
ಕೊನೆಯದು ಮೂವತ್ತೇಳನೆಯದು,
ರೀಲಿನ ತುದಿಯಲ್ಲಿ ಲೆಕ್ಕಕ್ಕಿಲ್ಲದೆ ಸಿಕ್ಕಿದ್ದು:
ಮಬ್ಬು ಅಡುಗೆಮನೆ, ತೆರೆದ ಫ್ರೀಜರು,
ಅದರ ಮುಂದೆ ಮಂಡಿಯೂರಿ
ಹೊಸ ಎರಡನ್ನು ಒಳಗಿಡುತ್ತಿರುವ ಗಂಡಸು,
ಬಾಯಲ್ಲಿ ಪೆನ್ಸಿಲು,
ಹಿಮದ ಹೊಗೆಯ ಮೂಲಕ ಪುಟ್ಟ ಬಲ್ಬು
ಅವನ ಅರ್ಧ ಮುಖಕ್ಕೆ ಬಿದ್ದಿದೆ.

ತುಂಬಾ ಹೊತ್ತು ನೋಡಿದ.
"ಈ ಬೆಳಕು..." ಅಂದ. ಮುಂದೆ ಹೇಳಲಿಲ್ಲ.
ಅಮ್ಮ ಆಗಲೇ ಕೇಳುತ್ತಿದ್ದಳು,
ಸಾಲು ಮತ್ತೆ ಯಾವಾಗ ಅಂತ.

ಮರುದಿನ ಬೆಳಿಗ್ಗೆ ಸಿಂಕಿನ ಪಕ್ಕ
ಕರಗಲು ಇಟ್ಟ ಬಂಗುಡೆಯ ತಟ್ಟೆ.
ಅದರ ಮಗ್ಗುಲಲ್ಲಿ ಒಂದು ರೀಲು,
ಬೆವರುತ್ತಾ.
ಹೊರಗೆ ಮೋಡ.