ಒಂದಡಿ

ಮೈನಸ್ ಮೂವತ್ತೊಂದು. ಗ್ಯಾರೇಜಿನ ಹೀಟರಿಗೂ
ಕೆಮ್ಮು ಹಿಡಿದಿದೆ.
ಹಳೇ ಬಾಗಿಲೊಂದನ್ನು ಮೇಜು ಮಾಡಿಕೊಂಡಿದ್ದಾನೆ ಓರೆಸ್ಟ್,
ಹಿಡಿಕೆ ಮಾತ್ರ ಬಿಚ್ಚಿಲ್ಲ, ಯಾಕೋ.
ಅದರ ಮೇಲೆ ಹಳದಿ ವಿಮಾನ,
ಗೋಧಿ ಹೊಲಕ್ಕೆ ಔಷಧಿ ಸುರಿಯುವುದರ ಕಾಲು ಅಳತೆ,
ಮೂಗು ಬಿಚ್ಚಿ, ರೆಕ್ಕೆ ಕಳಚಿ
ಎಣ್ಣೆಸ್ನಾನಕ್ಕೆ ಮಲಗಿಸಿದ ಕೂಸಿನ ಹಾಗೆ.

ಈಚೆ ನಾನು. ಆಚೆ, ಮಡಿಸುವ ಕುರ್ಚಿಯಲ್ಲಿ
ಓರೆಸ್ಟ್ ಹ್ನಾಟ್ಯುಕ್.
ನಡುವೆ ಸಿಮೆಂಟು ನೆಲದ ಮೇಲೆ ಸೀಮೆಸುಣ್ಣದ ಗೆರೆ.

ನವೆಂಬರಿನಲ್ಲಿ ಅವನ ಎಡಗಡೆಯ ಕತ್ತಿನೆಲುಬಿನ ಕೆಳಗೆ
ಬೆಂಕಿಪೆಟ್ಟಿಗೆಗಿಂತ ಚಿಕ್ಕದೊಂದು ಯಂತ್ರ ಹೂತು
ಚರ್ಮ ಹೊಲಿದರು.
ಕಿಡಿ ಹಾರಿಸುವುದೇನೇ ಇರಲಿ
ಎದೆಯಿಂದ ಒಂದಡಿ ದೂರ ಇಡಿ, ಅಂದರಂತೆ ಡಾಕ್ಟರು.
ಅವನ ಹೆಂಡತಿ ಸ್ಲಾವ್ಕಾ ಅದನ್ನು ಆರಡಿ ಮಾಡಿದಳು.

ನಲವತ್ತು ವರ್ಷ ಮ್ಯಾಗ್ನೆಟೋ ಬಿಚ್ಚಿ ಜೋಡಿಸಿದವನು,
ಬೆರಳ ತುದಿಯಲ್ಲೇ ಕಿಡಿಯ ಖಾರ ನೋಡುತ್ತಿದ್ದವನು.
ಗೆರೆಯಾಚೆ ಕೂತು ಬೈಯುವುದು ಈಗ ಅವನ ಪಾಲು.

“ಮಾರ್ಲಿಸ್, ಗೋಡೆಗೆ ಮೊಳೆ ಹೊಡೆದ ಹಾಗೆ ಬಿಗಿಯಬೇಡ.
ಆ ಎಂಜಿನ್ ನಡುಗಿದರೆ ನಿನ್ನ ಹಲ್ಲೂ ನಡುಗುತ್ತವೆ.
ಡಬ್ಬಿಯೊಳಗಿನ ಬೆಸುಗೆಗಳು ಇರುವೆಗಾಲಿನಷ್ಟು.
ಸ್ಪಂಜು ಹಾಸು. ಮಲಗಿಸು. ಮೇಲೆ ಪಟ್ಟಿ ಸುತ್ತು.
ಸಾಕು, ಸಾಕು. ಅದೂ ಉಸಿರಾಡಲಿ.”

ರಾತ್ರಿಯಿಡೀ ಹೈವೇ ಹದಿನಾರರಲ್ಲಿ ಹಿಮ ತಳ್ಳಿ ಬಂದವಳು ನಾನು,
ಸ್ಟೀರಿಂಗಿನ ನಡುಕ ಇನ್ನೂ ಮೊಣಕೈಯಲ್ಲಿದೆ.
ಸ್ಪಂಜನ್ನು ಎರಡು ಸಲ ಸೊಟ್ಟಗೆ ಕತ್ತರಿಸಿದೆ.
ಮೂರನೆಯದು ಕೂತಿತು,
ಎಂಜಿನ್ ಹೊತ್ತ ದಪ್ಪ ಹಲಗೆಯ ಬೆನ್ನಿಗೆ.

ಉಕ್ಕಿನೆಳೆ ಹೆಣೆದ ಅಂಗಿ ತೊಟ್ಟ ವೈರು
ಪ್ಲಗ್ಗಿನ ನೆತ್ತಿಗೆ ಟೋಪಿಯಾಗಿ ಕಚ್ಚಿತು, ಟಕ್.
ರಿಸೀವರ್ ಹಿಂದೆ, ರೆಕ್ಕೆಯ ಬುಡ ದಾಟಿ.
“ಮುಂದೆ ಬಾಯಿ, ಹಿಂದೆ ಕಿವಿ. ಬಾಯಿ ಕಿವಿಗಂಟಿದರೆ
ನೀನು ನೆಲದಿಂದ ಎಡಕ್ಕೆ ಅಂದದ್ದು
ಅದಕ್ಕೆ ಗೊರಗೊರ ಅಂತ ಕೇಳಿಸೀತು.
ಎಷ್ಟಿದೆ ಅಳೆ.”
ಅಳೆದೆ. ಒಂದಡಿ, ಮೇಲೊಂದು ಬೆರಳು.
“ಬ್ಯಾಟರಿ?”
ಬೇರೆ ಬೇರೆ.
“ಹ್ಞಾಂ. ಒಂದೇ ಒಲೆಯ ಮೇಲೆ
ಇಬ್ಬರು ವಾರಗಿತ್ತಿಯರ ಅಡುಗೆ ಆಗದು.”

ನಿನ್ನದಕ್ಕೂ ಸ್ಪಂಜು ಹಾಸಿದ್ದಾರಾ, ಕೇಳಿಬಿಟ್ಟೆ.
ಅವನು ಅಂಗಿಯ ಮೇಲೆ ಅಂಗೈ ಇಟ್ಟುಕೊಂಡ,
ಜೇಬಿನಲ್ಲಿ ದುಡ್ಡಿದೆಯೇ ನೋಡುವವನಂತೆ.
“ಕೊಬ್ಬಿದೆಯಲ್ಲ,” ಅಂದ.
“ಐವತ್ತು ಚಳಿಗಾಲ ಸ್ಲಾವ್ಕಾ ಹಾಸಿದ್ದು.”

ಟ್ಯಾಂಕು ಖಾಲಿ, ಮೂರು ಸಲ ಕೇಳಿ ಮೂರು ಸಲ ಖಾತ್ರಿ.
ಪ್ಲಗ್ ಬಿಚ್ಚಿ ಸಿಲಿಂಡರಿನ ರೆಕ್ಕೆಗೆ ಒತ್ತಿ ಕಟ್ಟಿದೆ.
“ದೀಪ ಆರಿಸು. ಇಲ್ಲಿಂದ ನನಗೆ ಕಾಣಬೇಕು.”

ಆರಿಸಿದೆ.
ಹೀಟರಿನ ಕೆಂಪು ಗೆರೆಯೊಂದೇ ಉಳಿಯಿತು,
ಮತ್ತೆ ಅವನ ಉಸಿರು.
ಹಬ್ಬನ್ನು ಚಕ್ಕನೆ ತಿರುವಿದೆ.
ಒಳಗೆ ಹುದುಗಿದ ಅಯಸ್ಕಾಂತ ಸೆನ್ಸರನ್ನು ಹಾದ ಗಳಿಗೆ
ನೀಲಿ,
ಎಳ್ಳು ಕಾಳಿನಷ್ಟು,
ಹುಟ್ಟಿ ಸತ್ತಿತು.

ಕಂಡಿತಾ?
ಮಾತಿಲ್ಲ.
ಮತ್ತೆ ತಿರುವಿದೆ. ಮತ್ತೆ.
ಐದನೆಯದಕ್ಕೆ “ತೆಳ್ಳಗಿದೆ,” ಅಂದ ದನಿ
ನಾನೆಣಿಸಿದ್ದಕ್ಕಿಂತ ತೀರ ಹತ್ತಿರದಿಂದ ಬಂತು.

ತಡಕಿ ದೀಪ ಹಾಕುವಷ್ಟರಲ್ಲಿ ಅವನು ಕುರ್ಚಿಯಲ್ಲಿದ್ದ,
ಕೈಕಟ್ಟಿ, ಒಳ್ಳೆಯ ಹುಡುಗನಂತೆ.
ಗೆರೆ ಒಂದು ಕಡೆ ಅಳಿಸಿತ್ತು.
ಅವನ ಬೂಟಿನ ತುದಿ ಬೆಳ್ಳಗಿತ್ತು.
ಚಹಾ ತಂದ ಸ್ಲಾವ್ಕಾ ಬೂಟು ನೋಡಿದಳು, ನೆಲ ನೋಡಿದಳು,
ಸಕ್ಕರೆ ಎಷ್ಟು ಅಂತ ನನ್ನನ್ನು ಕೇಳಿದಳು.

ಮಾರನೇ ಶನಿವಾರ ಹೋದರೆ
ಹೊಸ ಗೆರೆ, ನೇರ, ಗಟ್ಟಿ.
ಯಾರೂ ಏನೂ ಹೇಳಲಿಲ್ಲ.
ಬಗ್ಗಿ, ಬಿದ್ದ ಸ್ಕ್ರೂ ಹುಡುಕುವ ನೆಪದಲ್ಲಿ
ಟೇಪು ಎಳೆದು ನೋಡಿದೆ:
ಐದಡಿ.