ಮಾದರಿ ಕಲ್ಲು

ಮೂವತ್ತೊಂದು ವರ್ಷ ಹಟ್ಟಿಯ ಗಣಿಯಲ್ಲಿ
ಕಲ್ಲು ಅರೆದು, ಜರಡಿ ಹಿಡಿದು, ಮೂಸೆಗೆ ಸುರಿದು,
ಉಳಿದ ಮಣಿಯಷ್ಟನ್ನು ತೂಗಿ ಬರೆದವನು ನಾನು:
ಟನ್ನಿಗೆ ಇಷ್ಟು ಗ್ರಾಂ.
ಹಾಗಾಗಿ ಎಲ್ಲಿ ಅಂಕಿ ಕಂಡರೂ
ಬಾಯಿಗೆ ಮೊದಲು ಬರುವುದು ಒಂದೇ ಮಾತು:
ಮಾದರಿ ಎಲ್ಲಿಂದ ತೆಗದ್ರಿ?

ಲಿಂಗಸುಗೂರಿನ ಸರ್ಕಾರಿ ದವಾಖಾನೆ ಬಾಗಿಲಲ್ಲಿ
ಹೊಸ ಬೋರ್ಡು. ನೀಲಿ ಮೇಲೆ ಬಿಳಿ.
ಗುಣಮಟ್ಟ: ನೂರಕ್ಕೆ ಎಂಬತ್ತೊಂಬತ್ತು.
ಪಕ್ಕದಲ್ಲಿ ಪ್ರಶಸ್ತಿ ಕೊಡುವ ಫೋಟೋ, ಅದರ ಹಿಂದೆ
ಒಂದು ಹಲ್ಲಿ, ಯಾರ ಕಡೆಗೂ ಅಲ್ಲದ್ದು.

ಮಗಳು ಮಾಳಮ್ಮನಿಗೆ ಎಂಟು ತುಂಬಿ ಒಂಬತ್ತು.
ಅಳಿಯ ಫೋನ್ ಹಿಡಿದು ರಾಯಚೂರಿನ
ಯಾವುದೋ ನರ್ಸಿಂಗ್ ಹೋಮಿನ ನಾಲ್ಕೂವರೆ ಚುಕ್ಕಿ ತೋರಿಸಿದ.
"ನಲವತ್ತು ಮಂದಿ ಕೊಟ್ಟಾರ, ಮಾವ."
ನಲವತ್ತರಲ್ಲಿ ಹನ್ನೊಂದು ಮಂದಿಯದು ಒಂದೇ ವಾಕ್ಯ,
ಒಂದೇ ಕಾಗುಣಿತದ ತಪ್ಪು.
ಉಳಿದವರಲ್ಲಿ ಬಹಳ ಜನ ಪಾರ್ಕಿಂಗ್ ಹೊಗಳಿದ್ದರು.
"ಹಡಿಯೋದು ಕಾರಲ್ಲಪಾ," ಅಂದೆ.
ಅವನು ನಗಲಿಲ್ಲ.

ಗುಮಾಸ್ತ ಶಿವಗ್ಯಾನಪ್ಪ ಕನ್ನಡಕದ ಮೇಲಿಂದ ನೋಡಿದ.
"ಅಂಕಪಟ್ಟೀನಾ? ಇಲ್ಲೀತನ ಯಾರೂ ಕೇಳಿಲ್ರೀ."
ಬೀರುವಿನಿಂದ ಫೈಲು ಬಂತು, ಒಳಗೆ ಎರಡು ಒಣ ಜಿರಲೆ ಕಾಲು.
ಎಂಬತ್ತೊಂಬತ್ತನ್ನು ಅಲ್ಲೇ ಒಡೆದು ನೋಡಿದೆ.
ಹೆರಿಗೆ ಕೋಣೆ ತೊಂಬತ್ನಾಲ್ಕು.
ಔಷಧಿ ಎಂಬತ್ತೆಂಟು.
ತುರ್ತು ಚಿಕಿತ್ಸೆ ಎಪ್ಪತ್ತಾರು.
ಕಡತಗಳ ನಿರ್ವಹಣೆ ತೊಂಬತ್ತೆಂಟು!
ಸರಾಸರಿ ಅಂದರೆ ಇದೇ,
ಎಳೆಯಿದ್ದ ಕಲ್ಲನ್ನೂ ಬರಿಗಲ್ಲನ್ನೂ
ಒಟ್ಟಿಗೆ ಅರೆದಾಗ ಬರುವ ಬೂದಿ ಬಣ್ಣ.
ಕೆಳಗೆ, ಸಣ್ಣ ಅಕ್ಷರದಲ್ಲಿ,
ರಕ್ತ ಶೇಖರಣೆ: ಅನ್ವಯಿಸುವುದಿಲ್ಲ.
ಇಲ್ಲದ್ದಕ್ಕೆ ಅಂಕ ಕೊಡಲಿಲ್ಲ, ಕಳೆಯಲೂ ಇಲ್ಲ.
ಮಾಳಮ್ಮನ ರಕ್ತ ಒಂಬತ್ತು.

"ನೋಡಾಕ ಯಾವತ್ತ ಬಂದಿದ್ರು?"
"ಬುಧವಾರ, ಹನ್ನೊಂದಕ್ಕ. ಮೊದಲ ಪತ್ರ ಬಂದಿತ್ರಿ."

ಹೊಳೆಯುವ ಚೂರನ್ನೇ ಆರಿಸಿ ತರುವ ಹುಡುಗರಿಗೆ
ನಮ್ಮ ಮೇಸ್ತ್ರಿ ಬೈಯುತ್ತಿದ್ದ:
ಪುಡಿಯ ಗುಡ್ಡೆ ಮಾಡು, ನಾಲ್ಕು ಪಾಲು ಕೊಯ್ಯಿ,
ಎದುರುಬದುರಿನ ಎರಡು ಚೆಲ್ಲು,
ಉಳಿದದ್ದನ್ನು ಮತ್ತೆ ಗುಡ್ಡೆ ಮಾಡು.
ಕಣ್ಣಿಗೆ ಆರಿಸಾಕ ಬಿಡಬ್ಯಾಡ, ಮಗನ,
ಕಣ್ಣು ಆಸೆಬುರುಕ.

ಶನಿವಾರ ರಾತ್ರಿ ಎರಡೂವರೆಗೆ
ಒಂದು ಥರ್ಮಾಸ್ ಚಹಾ ಹಿಡಿದು ಬೆಂಚಿನ ಮೇಲೆ ಕೂತೆ.
ಯಾರ ಸಂಬಂಧಿಕನೂ ಅಲ್ಲ, ಯಾರೂ ಕೇಳಲಿಲ್ಲ.
ಕರೆಂಟು ಹೋಯಿತು. ಎಣಿಸಿದೆ.
ಇಪ್ಪತ್ತಾರಕ್ಕೆ ಹೆರಿಗೆ ಕೋಣೆಯ ದೀಪ ಬಂತು,
ಕಾರಿಡಾರಿನದು ಬರಲೇ ಇಲ್ಲ.
ಆ ಕತ್ತಲಲ್ಲೇ ಖಾಜಾಬಿ ನೆಲ ಒರೆಸುತ್ತಿದ್ದಳು,
ಬಕೆಟ್ಟಿನ ಸದ್ದಿನಿಂದ ತಿಳಿಯಿತು.
ಚೇಳು ಕಚ್ಚಿದ ಹುಡುಗಿಯನ್ನು ಹೆಗಲ ಮೇಲೆ ಹೊತ್ತು ತಂದರು.
ಡಾಕ್ಟರು ನಲವತ್ತು ನಿಮಿಷಕ್ಕೆ ಬಂದರು,
ಅಂಗಿಯ ಗುಂಡಿ ಒಂದೊಂದು ಮೇಲಕ್ಕೆ ಸರಿದಿತ್ತು.
ಅಷ್ಟರಲ್ಲಿ ಸಿಸ್ಟರ್ ಎಸ್ತೇರಮ್ಮ ಸೂಜಿ ಹಾಕಿ,
ಹುಡುಗಿಯ ತಾಯಿಗೆ ಕುಡಿಯಲು ನೀರು ಕೊಟ್ಟು,
ನಲ್ಲಿಯ ಕೆಳಗೆ ಮೊಣಕೈತನಕ ಕೈ ತೊಳೆದರು,
ಬೆರಳ ಸಂದಿ ಬಿಡದೆ, ನಿಧಾನ,
ಬುಧವಾರ ಹನ್ನೊಂದು ಗಂಟೆಯೇನೋ ಎಂಬಂತೆ.
ಎಪ್ಪತ್ತಾರು ನಿಜ.
ತೊಂಬತ್ನಾಲ್ಕೂ ನಿಜವಿದ್ದೀತು.

ಮನೆಯಲ್ಲಿ ಹೇಳಿದೆ: ಇಲ್ಲೇ ಹಡೀಲಿ.
ಆದರ ಅಳಿಯಾ, ಆ ವಾರ ಪೂರ್ತಿ ನಿನ್ನ ಕಾರು
ಎಣ್ಣೆ ತುಂಬಿಸಿ ಗೇಟಿನ ಮುಂದಿರಲಿ,
ಮೂತಿ ರಾಯಚೂರ ಕಡೆ.
"ಪಾರ್ಕಿಂಗ್ ಹೆಂಗೈತಿ ಅಲ್ಲಿ?" ಅಂದ.
ಈ ಸಲ ನಾನು ನಗಲಿಲ್ಲ.

ಆ ಬೆಳಗ್ಗೆ ಹೊರಡುವಾಗ ಎಸ್ತೇರಮ್ಮ
ಅಭಿಪ್ರಾಯದ ಚೀಟಿ ಕೊಟ್ಟಿದ್ದರು.
ನಗುವ ಮುಖದಿಂದ ಅಳುವ ಮುಖದತನಕ ಐದು ಮುಖ,
ಒಂದಕ್ಕೆ ಗುರುತು ಹಾಕಬೇಕು.
ತಿರುವಿ, ಖಾಲಿ ಬೆನ್ನಿನ ಮೇಲೆ,
ಕಲ್ಲಿನ ಚೀಲಕ್ಕೆ ಕಟ್ಟುತ್ತಿದ್ದ ಚೀಟಿಯಂತೆ ಬರೆದೆ:

ಮಾದರಿ ತೆಗೆದ ಜಾಗ: ಕಾರಿಡಾರು, ಮೂರನೆಯ ಬೆಂಚು.
ಸಮಯ: ಶನಿವಾರ ರಾತ್ರಿ, ಎರಡೂವರೆಯಿಂದ.
ಬೆಳಕು: ಇರಲಿಲ್ಲ.
ತೆಗೆದವರು:
ಅಲ್ಲಿ ನನ್ನ ಹೆಸರು, ಪೂರ್ತಿ, ಊರಿನ ಸಮೇತ.